ವಾರದ ವಿಷಯ: ನೀರು

ಮೇಲಿನಿಂದ ಬಂದ ಪಟ್ಟಿಯಲ್ಲಿ ಈ ವಾರ ನೀರು.
ಕಳೆದ ವಾರ ನನ್ನ ಕುಟುಂಬ, ಮುಂದಿನ ವಾರ ವಾಹನಗಳು.
ಬೈತಖೋಲ ಬಂದರಿಗೆ ಬೆನ್ನು ಹಾಕಿ ಕೂತ ನಮ್ಮ ಅಂಗನವಾಡಿಗೆ
ನೀರನ್ನು ಪರಿಚಯಿಸಬೇಕಂತೆ.
ಚಿತ್ರಪಟದಲ್ಲೊಂದು ಬಾವಿ, ರಾಟೆ, ಕೊಡ ಹೊತ್ತ ಹೆಂಗಸು.
ನೀರು ಎಲ್ಲಿಂದ ಬರುತ್ತದೆ?
"ಟ್ಯಾಂಕರಿನಾಗ" ಎಂದಳು ಹುಲಿಗೆಮ್ಮ.
ಬಂದರಿನ ಕಾಂಕ್ರೀಟು ಕೆಲಸಕ್ಕೆ ಕುಷ್ಟಗಿಯಿಂದ ಬಂದವರ ಮಗಳು.
ಇಪ್ಪತ್ತೊಂದು ಮಕ್ಕಳಲ್ಲಿ
ಮನೆಯಲ್ಲೂ ಕನ್ನಡ ಆಡುವವಳು ಅವಳೊಬ್ಬಳೇ.
ಉಳಿದವರು ಕನ್ನಡದಲ್ಲಿ ಹಾಜರಿ ಹೇಳಿ
ಕೊಂಕಣಿಯಲ್ಲಿ ಅಳುವವರು.

ನಾನು ಸಿದ್ದಾಪುರದ ಕಡೆಯವಳು. ಆರು ವರ್ಷವಾಯಿತು.
ಅಳು ಅರ್ಥವಾಗುತ್ತದೆ, ಬೈಗುಳ ಇನ್ನೂ ಇಲ್ಲ.

ಮಂಗಳವಾರ ಮೊಟ್ಟೆ.
ಮೊಟ್ಟೆಯ ದಿನ ಪಾಠ ನಡೆಯುವುದಿಲ್ಲ.

ಬುಧವಾರ ರುಕ್ಮಾಕ್ಕ ಬಟ್ಟೆ ನೆನೆಸುವ ನೀಲಿ ಟಬ್ಬು ತಂದಳು.
ತೇಲುವುದು ಯಾವುದು, ಮುಳುಗುವುದು ಯಾವುದು?
ಬೋರ್ಡಿನ ನಡುವೆ ಗೆರೆ ಎಳೆದು
ಈಚೆಗೊಂದು ಎಲೆ, ಆಚೆಗೊಂದು ಕಲ್ಲು ಬಿಡಿಸಿದೆ.
ಚಮಚ ಮುಳುಗಿತು. ಚಪ್ಪಲಿ ತೇಲಿತು.
ಸೀಮೆಸುಣ್ಣ ಗುಳುಗುಳು ಉಸಿರು ಬಿಟ್ಟು ತಳ ಸೇರಿತು.
ಫ್ಲಾವಿಯಾ ತನ್ನ ಬಿಸ್ಕತ್ತು ಹಾಕಿದಳು. ಅದು ಮೊದಲು ತೇಲಿ,
ಸ್ವಲ್ಪ ಯೋಚಿಸಿ,
ಎರಡೂ ಅಲ್ಲದೆ ಅಂಬಲಿಯಾಯಿತು.
ಅವಳು ಅತ್ತದ್ದು ವಿಜ್ಞಾನಕ್ಕಲ್ಲ.

ಆಗ ತನ್ಮಯ ತಾಂಡೇಲ ಚಡ್ಡಿಯ ಕಿಸೆಯಿಂದ ತೆಗೆದ
ಒಂದು ಸೀಸದ ಗುಂಡು, ಒಂದು ಹಳದಿ ಬೆಂಡು.
ಬೆಂಡು ಮೇಲೆ, ಗುಂಡು ಕೆಳಗೆ. ಭೇಷ್ ಎಂದೆ,
ಒಂದನ್ನು ಎಲೆಯ ಕಡೆ, ಇನ್ನೊಂದನ್ನು ಕಲ್ಲಿನ ಕಡೆ ಬರೆದೆ.
ಅವನಿಗೆ ಸಿಟ್ಟು ಬಂತು.
ಒಂದು ಅಂಗೈ ಮೇಲೆ, ಒಂದು ಅಂಗೈ ಕೆಳಗೆ ಹಿಡಿದು
ನಡುವಿನ ಗಾಳಿಯನ್ನು ಗದ್ದದಿಂದ ತೋರಿಸುತ್ತ
ಏನೇನೋ ಹೇಳಿದ.
ರುಕ್ಮಾಕ್ಕ ಬಾಗಿಲಲ್ಲೇ ನಿಂತು ತಿಳಿಸಿದಳು:
"ಎರಡೂ ಒಂದೇ ಬಲೆದಂತೆ. ಮೇಲೆ ಬೆಂಡು, ಕೆಳಗೆ ಗುಂಡು ಇದ್ರೇ
ಬಲೆ ನೀರಲ್ಲಿ ನಿಲ್ತದಂತೆ.
ಬೇರೆ ಬೇರೆ ಮಾಡ್ಬೇಡಿ ಅಂತಾನೆ."

ವಯಸ್ಸು ನಾಲ್ಕು ವರ್ಷ ಎರಡು ತಿಂಗಳು.
ತೂಕ ಹದಿಮೂರು ಕಿಲೋ ನಾನೂರು ಗ್ರಾಂ.

ಗೆರೆಯನ್ನು ಕಾಪಾಡಲು ಕೇಳಿದೆ, ಮತ್ತೇನು ಮುಳುಗುತ್ತದೆ?
"ಹೊಡಿ" ಎಂದ.
ದೋಣಿ ತೇಲುತ್ತದೆ ಮಗಾ, ನೋಡು.
ಹಳೆಯ ಕ್ಯಾಲೆಂಡರಿನ ಶ್ರಾವಣ ಹರಿದು ಮಡಚಿ ಬಿಟ್ಟೆ. ತೇಲಿತು.
ಅವನು ನೋಡಲೇ ಇಲ್ಲ.
"ಹೊಡಿ ಬುಡ್ಲಿ."
ಕನ್ನಡದ ಬುಡ ಎಲ್ಲಿರುತ್ತದೋ
ಸೀದಾ ಅಲ್ಲಿಗೆ ಇಳಿಯಿತು ಆ ಮಾತು.
ರುಕ್ಮಾಕ್ಕ ಈ ಸಲ ಏನೂ ತಿಳಿಸಲಿಲ್ಲ.

ಮಧ್ಯಾಹ್ನ ಸಾರಿಗೆ ಒಗ್ಗರಣೆ ಕೊಡುತ್ತ ಹೇಳಿದಳು:
ಅವನ ಮಾಮನದು. ಚೌತಿ ಕಳೆದ ವಾರ. ಅಂಜದೀವದ ಆಚೆ.
ನಾಲ್ವರೂ ಈಜಿ ಬಂದರು.
ಮಾಮ ಈಗ ದಂಡೆಯಲ್ಲೇ ಮಂಜುಗಡ್ಡೆ ಒಡೆಯುತ್ತಾನೆ,
ನೀರಿನ ಕಡೆ ಮುಖ ಮಾಡುವುದಿಲ್ಲ.

ಗುರುವಾರ ಬೆಳಿಗ್ಗೆ, ಯಾರೂ ಬರುವ ಮೊದಲು,
ಗೆರೆಯ ಮೇಲೇ ಒಂದು ದೋಣಿ ಬಿಡಿಸಿದೆ.
ಅರ್ಧ ಎಲೆಯ ಕಡೆ, ಅರ್ಧ ಕಲ್ಲಿನ ಕಡೆ.
ಚಿತ್ರ ಚೆನ್ನಾಗಿ ಬರಲಿಲ್ಲ, ಚಪ್ಪಲಿಯ ಹಾಗೆ ಕಂಡಿತು.

ಶುಕ್ರವಾರ ಮೇಲ್ವಿಚಾರಕಿ ಬಂದರು.
ಅಕ್ಕಿ ನೋಡಿದರು, ಬೇಳೆ ನೋಡಿದರು, ಬೋರ್ಡು ನೋಡಿದರು.
"ಇದ್ಯಾಕೆ ನಡುವೆ? ಮಕ್ಕಳಿಗೆ ಗೊಂದಲ ಆಗುದಿಲ್ವಾ?"
ನಾನು ಬಾಯಿ ತೆರೆಯುವಷ್ಟರಲ್ಲಿ ಹುಲಿಗೆಮ್ಮ ಎದ್ದಳು,
ಸಮುದ್ರ ಕಂಡು ಮೂರು ತಿಂಗಳಾದವಳು:
"ಒಮ್ಮೆ ತೇಲತೈತ್ರಿ, ಒಮ್ಮೆ ಮುಣಗತೈತ್ರಿ.
ನೀರಿನ ಮರ್ಜಿರೀ ಅದು."
ತನ್ಮಯ, ಎಲ್ಲ ತಿಳಿದವನಂತೆ, ಅವಳಿಗೆ ತಲೆಯಾಡಿಸಿದ.

ವರದಿಯ ಖಾನೆ ಎರಡು ಬೆರಳು ಅಗಲ.
ಬಳಸಿದ ಸಾಮಗ್ರಿ: ಟಬ್ಬು, ಎಲೆ, ಕಲ್ಲು, ಚಮಚ.
ಸಾಧಿಸಿದ ಕಲಿಕೆ: ಇಪ್ಪತ್ತೊಂದು ಮಕ್ಕಳು
ತೇಲುವ, ಮುಳುಗುವ ವಸ್ತುಗಳನ್ನು ಗುರುತಿಸಿದರು.
ಸಹಿ.

ಗುಂಡು, ಬೆಂಡು ಸಾಮಗ್ರಿಯಲ್ಲಿ ಬರೆಯಲಿಲ್ಲ.
ಬುಧವಾರವೇ ಕೈಯಾರೆ ಟಬ್ಬಿನಿಂದ ತೆಗೆದು, ಅಂಗಿಗೆ ಒರೆಸಿ,
ಮನೆಗೆ ಒಯ್ದಿದ್ದ ಅವನು,
ಎರಡನ್ನೂ ಒಂದೇ ಕಿಸೆಯಲ್ಲಿ.